ಪಾಳಿ ಪಟ್ಟಿ ಇದ್ದ ಹಳೆಯ ಕಂಪ್ಯೂಟರ್

2008ರಲ್ಲಿ ನಾನು ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಎಂಜಿನಿಯರ್ ಎಂಬುದು ಅಂಗಡಿಯ ಮಾಲೀಕರು ಕೊಟ್ಟ ಹೆಸರು. ನಾನು ಓದಿದ್ದು ಬಿ.ಎಸ್ಸಿ., ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು. ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಮನೆತನದಲ್ಲಿ ಪದವಿಯ ಕಾಗದ ಕೈಯಲ್ಲಿ ಹಿಡಿದವನು ನಾನೇ ಮೊದಲು. ಅಪ್ಪ ಕಾಲುವೆ ತೋಡುವಾಗ ಮಣ್ಣು ಹೊತ್ತು ಓದಿಸಿದ. ನಾನು ಗಣಿತದ ಪೇಪರಿಗೆ ಎರಡು ಸಲ ಕೂತು ಪಾಸಾದೆ. ಇದನ್ನು ಮುಚ್ಚಿಡಬೇಕೆಂದು ನನಗೆ ಎಂದೂ ಅನ್ನಿಸಿಲ್ಲ.

ಶಹಾಪುರ, ಸುರಪುರ, ಯಾದಗಿರಿ ಮೂರೂ ತಾಲ್ಲೂಕಿನ ಮನೆ ಕಂಪ್ಯೂಟರುಗಳು ನನ್ನ ಪಾಲಿಗಿದ್ದವು. ಹೊಸದು ಕೊಳ್ಳುವವರು ಕಡಿಮೆ. ಕಚೇರಿಗಳು ತೆಗೆದುಹಾಕಿದ ಹಳೆಯ ಪೆಟ್ಟಿಗೆಗಳು ಕೈಯಿಂದ ಕೈಗೆ ದಾಟಿ ಹಳ್ಳಿಯ ಮನೆಗಳಿಗೆ ಬರುತ್ತಿದ್ದವು. ಅವನ್ನು ಇನ್ನೊಂದು ವರ್ಷ, ಮತ್ತೊಂದು ವರ್ಷ ಎಂದು ಬದುಕಿಸುವುದೇ ನನ್ನ ಕೆಲಸ. ಚೀಲದಲ್ಲಿ ಸ್ಕ್ರೂ ಡ್ರೈವರ್, ಮಲ್ಟಿಮೀಟರ್, ಪೇಂಟ್ ಬ್ರಷ್, ರ‍್ಯಾಮ್ ಉಜ್ಜಲು ಪೆನ್ಸಿಲ್ ರಬ್ಬರು, ಫ್ಯಾನಿಗೆ ಬಿಡಲು ಹೊಲಿಗೆ ಯಂತ್ರದ ಎಣ್ಣೆ, ಒಂದು ಹೆಚ್ಚುವರಿ ಎಸ್‌ಎಂಪಿಎಸ್. ಎಸ್‌ಎಂಪಿಎಸ್ ಎಂದರೆ ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಹನ್ನೆರಡು ಮತ್ತು ಐದು ವೋಲ್ಟಿಗೆ ಇಳಿಸಿ ಯಂತ್ರದ ಭಾಗಗಳಿಗೆ ಹಂಚುವ ಡಬ್ಬಿ. ಹಳ್ಳಿಯ ಕರೆಂಟಿಗೆ ಮೊದಲು ಬಲಿಯಾಗುವುದು ಅದೇ.

ದೋರನಹಳ್ಳಿಯ ಮಾದೇವಿಯ ಮನೆಗೆ ನಾನು ಅದಾಗಲೇ ನಾಲ್ಕು ಸಲ ಹೋಗಿ ಬಂದಿದ್ದೆ. ಪಿಯುಸಿ ಮುಗಿಸಿ ಶಹಾಪುರದಲ್ಲಿ ಕನ್ನಡ ಟೈಪಿಂಗ್ ಕಲಿತ ಹೆಣ್ಣುಮಗಳು. ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಯಲ್ಲಿ ಅವಳು ಮತ್ತು ಅತ್ತೆ ಶರಣಮ್ಮ ಇಬ್ಬರೇ. ಪಡಸಾಲೆಯ ಮೂಲೆಯಲ್ಲಿ, ಜೋಳದ ಚೀಲಗಳ ಪಕ್ಕದ ಮೇಜಿನ ಮೇಲೆ ಆ ಕಂಪ್ಯೂಟರ್: ಪೆಂಟಿಯಂ-3, 128 ಎಂಬಿ ರ‍್ಯಾಮ್, 20 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 98. ವಯಸ್ಸು ಎಂಟು. ಅರ್ಜಿ, ಕರಾರು ಪತ್ರ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಅದರಲ್ಲೇ ಟೈಪಾಗುತ್ತಿದ್ದವು.

ಆ ವರ್ಷ ಅವಳಿಗೆ ದೊಡ್ಡ ಕೆಲಸ ಸಿಕ್ಕಿತ್ತು. ಊರಿನ ನೀರು ಬಳಕೆದಾರರ ಸಂಘದವರು ಪಾಳಿ ಪಟ್ಟಿಯನ್ನು ಟೈಪ್ ಮಾಡಲು ಅವಳಿಗೆ ಕೊಟ್ಟಿದ್ದರು. ಕಾಲುವೆಯ ನೀರು ತೂಬುಗಳ ಮೂಲಕ ಹೊಲಗಳಿಗೆ ಇಳಿಯುತ್ತದೆ. ಒಂದೊಂದು ತೂಬಿನ ಕೆಳಗೆ ಇಪ್ಪತ್ತು ಮೂವತ್ತು ಹೊಲ. ಯಾರಿಗೆ ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನೀರು ಎಂಬುದೇ ಪಾಳಿ. ಅದುವರೆಗೆ ಅದು ಹಿರಿಯರ ಬಾಯಲ್ಲಿ, ಬೀಡಿ ಕಟ್ಟಿನ ಹಿಂದೆ ಬರೆದ ಚೀಟಿಗಳಲ್ಲಿ ಇತ್ತು. ಮೇಲಿನ ಹೊಲದವನು ಗೇಟು ಮುಚ್ಚದಿದ್ದರೆ ತುದಿಯ ಹೊಲದವನು ಗುದ್ದಲಿ ಹಿಡಿದು ಬರುತ್ತಿದ್ದ. ಮಾದೇವಿ ಆರು ವಾರ ಕೂತು, ಚೀಟಿ ಚೀಟಿ ನೋಡಿ, ಹಿರಿಯರನ್ನು ಮನೆಗೇ ಕರೆಸಿ ಕೇಳಿ 41 ತೂಬುಗಳ 1,148 ಸಾಲುಗಳ ಪಟ್ಟಿ ಮಾಡಿದ್ದಳು. ನವರಾತ್ರಿಯ ಮೊದಲ ಶನಿವಾರ ಸಂಘದ ಸಭೆಯಲ್ಲಿ ಅದನ್ನು ಓದಿ, ಎಲ್ಲರ ಸಹಿ ಹಾಕಿಸಿ, ಹಿಂಗಾರಿಗೆ ಅದರಂತೆ ನೀರು ಬಿಡುವುದೆಂದು ತೀರ್ಮಾನವಾಗಿತ್ತು. ಈ ಕೆಲಸ ಸರಿಯಾದರೆ ಸಂಘದ ಬರವಣಿಗೆಯೆಲ್ಲ ಕಾಯಂ ಆಗಿ ಅವಳಿಗೇ.

ಪಟ್ಟಿಗೆ ಎರಡನೆಯ ಪ್ರತಿ ಇರಲಿಲ್ಲ. ಫ್ಲಾಪಿ ಡ್ರೈವ್ ಎಂದೋ ಕೆಟ್ಟಿತ್ತು. "ಮುಂದಿನ ಸಲ ಬಂದಾಗ ಸಿ.ಡಿ.ಗೆ ಹಾಕಿಕೊಡ್ತೀನಿ" ಎಂದು ಹೇಳಿ ಹೋದವನು ನಾನೇ.

ಅಮಾವಾಸ್ಯೆಯ ದಿನ ಅಂಗಡಿಗೆ ಫೋನ್ ಬಂತು. ಮೂರು ದಿನ ತವರಿಗೆಂದು ವಡಗೇರಾಕ್ಕೆ ಹೋಗಿದ್ದ ಮಾದೇವಿ ಹಿಂದಿನ ಮಧ್ಯಾಹ್ನ ಮರಳಿ ಬಂದು ಸ್ವಿಚ್ ಒತ್ತಿದ್ದಳು. ಟಪ್ಪೆಂದು ಸದ್ದಾಗಿ ಸುಟ್ಟ ವಾಸನೆ ಬಂದು ಎಲ್ಲ ಆರಿಹೋಗಿತ್ತು.

"ಸರ್, ನನ್ನ ಪಟ್ಟಿ ಅದರಾಗೇ ಅದ. ಶನಿವಾರ ಸಭಾ ಅದ" ಎಂದಳು.

ಮರುದಿನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಾನು ಅವರ ಪಡಸಾಲೆಯಲ್ಲಿದ್ದೆ. ಅಂದು ಘಟಸ್ಥಾಪನೆ, ನವರಾತ್ರಿಯ ಮೊದಲ ದಿನ. ಸಾರಿಸಿದ ನೆಲ, ಸುಣ್ಣ ಬಳಿದ ಗೋಡೆ, ಹಗ್ಗದ ಮೇಲೆ ಒಗೆದ ಕೌದಿಗಳು; ಮನೆ ಥಳಥಳ ಅನ್ನುತ್ತಿತ್ತು. ದೇವರ ಜಗುಲಿಯ ಮುಂದೆ ಮಣ್ಣಲ್ಲಿ ಕಾಳು ಬಿತ್ತಿ ಘಟ ಇಟ್ಟಿದ್ದರು. ಶರಣಮ್ಮ ಹೊಸ್ತಿಲ ಪಕ್ಕ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಅವಳಿಗೆ ಶರಣು ಎಂದು ಹೇಳಿ ನೇರ ಮೇಜಿನ ಹತ್ತಿರ ಹೋದೆ.

ಕೆಲಸದ ಕ್ರಮ ನನಗೆ ಬಾಯಿಪಾಠ. ಮೊದಲು ಗೋಡೆಯ ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿದೆ: 210, ನಮ್ಮ ಕಡೆಗೆ ಅದು ಒಳ್ಳೆಯದೇ. ಆಮೇಲೆ ಕೇಬಲ್ಲುಗಳು. ಪ್ರತಿ ಕೇಬಲ್ಲಿನ ತುದಿಗೂ, ಅದು ಸೇರುವ ಜಾಗದ ಪಕ್ಕಕ್ಕೂ ಒಂದೇ ಬಣ್ಣದ ಬಟ್ಟೆಯ ಚೂರು ಕಟ್ಟಿತ್ತು. ಮಾದೇವಿ ಜಾಣೆ, ಗುರುತಿಗೆ ಕಟ್ಟಿಕೊಂಡಿದ್ದಾಳೆ ಅಂದುಕೊಂಡೆ. ಕೇಳಲಿಲ್ಲ. ಪಕ್ಕದ ತಗಡು ಜಾರಿಸಿ ಒಳಗೆ ನೋಡಿದರೆ ಮದರ್‌ಬೋರ್ಡಿನ ಅಂಚಿನಲ್ಲಿ, ಫ್ಯಾನಿನ ಸಂದಿಯಲ್ಲಿ ನುಣ್ಣನೆಯ ಒಣ ಮಣ್ಣು.

"ಕುಂಬಾರ ಹುಳ ಗೂಡು ಕಟ್ಯಾದ" ಎಂದೆ. ಗೋಡೆಯ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುವ ಆ ಹುಳು ಕಂಪ್ಯೂಟರುಗಳಲ್ಲೂ ಮನೆ ಮಾಡುವುದನ್ನು ನಾನು ಬಹಳ ಸಲ ನೋಡಿದ್ದೆ.

"ಮೂರು ದಿನದಾಗ ಇಷ್ಟು ಕಟ್ಟತಾವೇನ್ರಿ ಸರ್?" ಮಾದೇವಿ ಕೇಳಿದಳು.

"ಅವಕ್ಕೇನು, ಪಾಯಾ ಹಾಕೋದದನ, ಸಿಮೆಂಟ್ ತರೋದದನ? ಕಟ್ಟತಾವ" ಎಂದು ನಕ್ಕೆ. ನನಗೆ ಉತ್ತರ ಸಿಕ್ಕಿತ್ತು. ಅವಳ ಪ್ರಶ್ನೆ ಕಿವಿಗೆ ಹೋಗಲೇ ಇಲ್ಲ.

ಬ್ರಷ್ಷಿನಿಂದ ಮಣ್ಣು ಕೊಡವಿದೆ. ಎಸ್‌ಎಂಪಿಎಸ್ ಬಿಚ್ಚಿ ನೋಡಿದರೆ ಫ್ಯೂಸ್ ಹಾರಿ ಕಪ್ಪಾಗಿತ್ತು. ಮಣ್ಣು ಫ್ಯಾನನ್ನು ಹಿಡಿದಿದೆ, ಬಿಸಿಯೇರಿ ಸುಟ್ಟಿದೆ, ಲೆಕ್ಕ ಸರಿಹೋಯಿತು. ಚೀಲದಲ್ಲಿದ್ದ ಎಸ್‌ಎಂಪಿಎಸ್ ಹಾಕಿದೆ. ಮದರ್‌ಬೋರ್ಡಿಗೆ ಒಂದು ವೈರು, ಹಾರ್ಡ್ ಡಿಸ್ಕಿಗೆ ಒಂದು ವೈರು. ಇದಕ್ಕೆಲ್ಲ ಗಂಟೆಯ ಮೇಲೆ ಹಿಡಿಯಿತು. ಅಷ್ಟು ಹೊತ್ತೂ ಏನು ಕೇಳಿದರೂ ಮಾದೇವಿಯನ್ನೇ ಕೇಳಿದೆ: ಸದ್ದು ಎಲ್ಲಿಂದ ಬಂತು, ದೀಪ ಉರಿಯಿತೇ, ಪರದೆಯ ಮೇಲೆ ಏನಾದರೂ ಬಂತೇ.

"ನೋಡ್ರಿ ಈಗ" ಎಂದು ಸ್ವಿಚ್ಚಿಗೆ ಬೆರಳು ಚಾಚಿದೆ.

"ತಮ್ಮಾ, ಚಾಲೂ ಮಾಡೂಕಿನ ಮೊದಲ ಪೂರಾ ಒಣಗ್ಯಾದೇನು ನೋಡು" ಎಂದಳು ಶರಣಮ್ಮ, ಮೊರದಿಂದ ತಲೆಯೆತ್ತದೆ.

ಬೆರಳು ಅಲ್ಲೇ ನಿಂತಿತು. "ಏನು ಒಣಗಬೇಕು ಆಯಿ?"

"ಒಳಗಿಂದು. ತೊಳದು ಮೂರು ದಿನ ಆತು. ಬಿಸಲಾಗ ಬೋರಲ ಇಟ್ಟಿದ್ದೆ, ಆದ್ರ ಸಂದಿಯಾಗಿಂದು ಹೇಳಾಕ ಬರಂಗಿಲ್ಲ."

ನಾನು ಗೋಡೆಯ ಪ್ಲಗ್ ಕಿತ್ತು ಕೆಳಗೆ ಹಾಕಿದೆ. ಆಮೇಲೆ ನೆಲದ ಮೇಲೆ ಕೂತೆ.

ನಡೆದದ್ದು ಇಷ್ಟು. ಘಟ ಹಾಕುವ ಮನೆಯಲ್ಲಿ ತೊಳೆಯದ ವಸ್ತು ಒಂದೂ ಇರಬಾರದು. ಹಬ್ಬದ ಮುಂಚೆ ಓಣಿಯವರೆಲ್ಲ ಹಾಸಿಗೆ, ಕೌದಿ, ಪಾತ್ರೆ, ಗಡಿಗೆ ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಕಾಲುವೆಗೆ ಹೋಗುವುದು ಪದ್ಧತಿ. ಕಾಲುವೆ ಬರುವ ಮೊದಲು ಹಳ್ಳದ ಮಡುವಿನಲ್ಲಿ ಸರದಿ ಕಾದು ತೊಳೆಯುತ್ತಿದ್ದರು. ಈಗ ಹರಿಯುವ ನೀರು, ಕಟ್ಟಿದ ಮೆಟ್ಟಿಲು. ಆ ಶನಿವಾರ ಶರಣಮ್ಮ ಕೌದಿಗಳ ಮೇಲೆ ಕಂಪ್ಯೂಟರನ್ನೂ ಇಟ್ಟುಕೊಂಡು ಹೋಗಿದ್ದಳು. ಮರಳಿ ಜೋಡಿಸಲು ಗುರುತಿಗೆಂದು ಬಟ್ಟೆಯ ಚೂರು ಕಟ್ಟಿದವಳೂ ಅವಳೇ; ನಾನು ಹುಳದ ಗೂಡು ಅಂದದ್ದು ಕಾಲುವೆಯ ಮಣ್ಣು.

"ಅತ್ತಿ!" ಮಾದೇವಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು. "ಕಂಪ್ಯೂಟರ್ ಒಗದೀರಿ? ಕೌದಿ ಒಗದಂಗ?"

"ಕೌದಿ ಒಗದಂಗ ಒಗಿಲಿಲ್ಲ. ಕಲ್ಲಿಗಿ ಕುಕ್ಕೀನೇನು? ತಂಬಿಗಿಲೆ ನೀರು ಹಾಕಿ ತೊಳದೀನಿ. ಮೆತ್ತನ್ ಅರಿಬಿಲೆ ಒರಸೀನಿ. ಟಿವಿ ಅಂಥದ್ದು ಮನ್ಯಾಗೇ ಬಿಟ್ಟೀನಿ, ಕಾಜಿಂದು, ಒಡೀತದ ಅಂತ."

"ನನಗ ಯಾಕ ಹೇಳಲಿಲ್ಲ?"

"ನೀ ಬಂದ ಕೂಡಲೇ ಕೆಟ್ಟದ ಅಂದಿ. ಅದು ಎರಡು ತಿಂಗಳಿಗೊಮ್ಮಿ ಕೆಡತದ. ನಾ ತೊಳದಿದ್ದಕ್ಕೇ ಕೆಟ್ಟದ ಅಂತ ನನಗ ಹ್ಯಾಂಗ ಗೊತ್ತು?" ಶರಣಮ್ಮ ಮೊರ ಕೆಳಗಿಟ್ಟಳು. "ಮನಸಿನಾಗ ಒಂದೀಟು ಅಂಜಿಕಿ ಇತ್ತು. ಇಲ್ಲ ಅನ್ನಂಗಿಲ್ಲ. ಈ ತಮ್ಮ ಬಂದು ಕೇಳ್ತಾನ, ಆವಾಗ ಹೇಳೋಣ ಅಂತ ಕುಂತೆ. ಮುಂಜಾನಿಂದ ಕುಂತೀನಿ. ಒಂದು ಮಾತು ಕೇಳಿದೇನು ನೀನು?"

ಆದರೂ ಸೋಲೊಪ್ಪದೆ, "ಕರೆಂಟಿನ ಸಾಮಾನು ತೊಳೀಬಾರದು ಅಂತ ಗೊತ್ತಿಲ್ಲೇನು ಆಯಿ?" ಎಂದೆ.

"ನೀನೇ ಹೇಳಿದ್ದಿಲ್ಲೇನು ಹ್ವಾದ ಸರ್ತಿ? ಧೂಳಿಲೇ ಸಾಯ್ತದ ಇದು, ಸ್ವಚ್ಛ ಇಡಾಕ ಬರಂಗಿಲ್ಲೇನು ನಿಮಗ ಅಂತ ಬೈದು ಹ್ವಾದಿ. ಓದಿದಾಂವ ಅದಾನ, ಸುಳ್ಳ್ಯಾಕ ಹೇಳ್ತಾನ ಅಂತ ಸ್ವಚ್ಛ ಮಾಡಿದೆ."

ಅದು ನಿಜ. ಹಿಂದಿನ ಸಲ ಫ್ಯಾನಿನ ಧೂಳು ತೆಗೆಯುವಾಗ ಅಂಥ ಮಾತು ಆಡಿ ಹೋಗಿದ್ದೆ. ಸ್ವಚ್ಛ ಮಾಡುವುದು ಹೇಗೆಂದು ಹೇಳಿರಲಿಲ್ಲ. ಹೇಳಿದರೂ ಇವಳಿಗೇನು ತಿಳಿದೀತು ಎಂಬ ಭಾವ ನನ್ನಲ್ಲಿತ್ತು, ಸುಳ್ಳೇಕೆ ಹೇಳಲಿ.

ಮಾದೇವಿ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ: "ಪಟ್ಟಿ ಉಳದದೇನ್ರಿ ಸರ್?"

ಪಟ್ಟಿ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದು ಕೈಯಗಲದ ಲೋಹದ ಡಬ್ಬಿ. ಒಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಓದುವ ಮುಳ್ಳು ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುತ್ತದೆ. ಒಂದು ಹನಿ ನೀರು ಒಳಗೆ ಹೋಗಿದ್ದರೂ ಮುಗಿಯಿತು. ಡಬ್ಬಿ ಎಲ್ಲ ಕಡೆ ಮುಚ್ಚಿರುತ್ತದೆ, ಒಳಗಿನ ಹೊರಗಿನ ಗಾಳಿಯ ಒತ್ತಡ ಸಮನಾಗಿರಲೆಂದು ಒಂದು ಸೂಜಿಯಷ್ಟು ತೂತು ಮಾತ್ರ ಬಿಟ್ಟಿರುತ್ತಾರೆ. ಕಾಲುವೆಯ ನೀರಿಗೆ ಆ ತೂತು ಸಾಕು. ಭಾನುವಾರ ಫ್ಯೂಸ್ ಮೊದಲೇ ಹಾರಿದ್ದರಿಂದ ಡಿಸ್ಕಿಗೆ ಕರೆಂಟು ತಲುಪಿರಲಿಕ್ಕಿಲ್ಲ. ನಾನು ಈಗ ಸ್ವಿಚ್ ಒತ್ತಿದ್ದರೆ ಖಂಡಿತ ತಲುಪುತ್ತಿತ್ತು.

ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರಗೆ ತೆಗೆದೆ. ತೂತು ಕಾಣಲಿಲ್ಲ. ತೂತಿನ ಜಾಗದಲ್ಲಿ ಹಳದಿ ಬಣ್ಣದ ಒಂದು ಉಂಡೆ ಒತ್ತಿ ಕೂರಿಸಿತ್ತು.

"ಇದು ಯಾರು ಹಚ್ಚಿದವರು?"

"ನಾನೇ. ಜೇನಮೇಣ. ಕೌದಿ ದಾರಕ್ಕ ಹಚ್ಚೋದು, ಚೀಲದಾಗ ಇರ್ತದ" ಎಂದಳು ಶರಣಮ್ಮ. "ಯಾವ ಸಾಮಾನು ತೊಳದರೂ ಮೊದಲ ತೂತು ಎಲ್ಲೆಲ್ಲಿ ಅದಾವ ನೋಡಬೇಕು. ಇದು ಸಣ್ಣ ತೂತು, ನೀರು ಹೊಕ್ಕರ ಹೊರಗ ಬರಂಗಿಲ್ಲ. ಅದಕ್ಕ ಮುಚ್ಚಿದೆ."

ತೂತಿನ ಪಕ್ಕದಲ್ಲೇ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಎಚ್ಚರಿಕೆ ಅಚ್ಚಾಗಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವಳು ಕೇಳಿದಳು, "ಅಲ್ಲಿ ಏನ್ ಬರದಾರ ತಮ್ಮಾ?"

"ಈ ತೂತು ಮುಚ್ಚಬ್ಯಾಡ್ರಿ ಅಂತ ಬರದಾರ ಆಯಿ."

"ಹೌದಾ?" ಶರಣಮ್ಮ ಸ್ವಲ್ಪ ಯೋಚಿಸಿದಳು. "ಬರದಾಂವ ಕಾಲುವಿ ನೋಡಿಲ್ಲ ಬಿಡು."

ಅಳುತ್ತಿದ್ದ ಮಾದೇವಿ ನಕ್ಕುಬಿಟ್ಟಳು. ನಾನೂ ನಕ್ಕೆ, ಆದರೆ ಒಳಗೆ ಬೇರೆಯದೇ ನಡೆದಿತ್ತು. ಆ ಅಕ್ಷರ ಓದಲು ಬರುವ ಯಾರೇ ಆಗಿದ್ದರೂ, ನಾನೇ ಆಗಿದ್ದರೂ, ತೂತನ್ನು ಮುಚ್ಚುತ್ತಿರಲಿಲ್ಲ.

ಈಗ ಮೇಣ ತೆಗೆಯಬೇಕು. ತೂತು ಮುಚ್ಚಿದ ಡಿಸ್ಕನ್ನು ಓಡಿಸುವಂತಿಲ್ಲ. ತೆಗೆಯುವಾಗ ಒಂದು ಚೂರು ಒಳಗೆ ಬಿದ್ದರೂ ಅಷ್ಟೇ ಕೆಟ್ಟದ್ದು. ನನ್ನ ಚಿಮಟದ ತುದಿ ಮೇಣದ ಮೇಲೆ ಎರಡು ಸಲ ಜಾರಿತು. ಶರಣಮ್ಮ ನೋಡುವಷ್ಟು ನೋಡಿ, "ಕೊಡು ಇಲ್ಲಿ" ಎಂದು ಡಿಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕೌದಿ ಹೊಲಿಯುವ ಸೂಜಿಯನ್ನು ದೇವರ ದೀಪಕ್ಕೆ ಹಿಡಿದು, ಸೀರೆಗೆ ಒರೆಸಿ, ಮೇಣದ ಅಂಚಿಗೆ ಸುತ್ತಲೂ ತಾಗಿಸಿದಳು. ಕೊನೆಗೆ ಉಗುರಿನಿಂದ ಎತ್ತಿದರೆ ಇಡೀ ಉಂಡೆ ಒಂದೇ ತುಂಡಾಗಿ ಬಂತು. ಕೆಳಗೆ ತೂತು ಸ್ವಚ್ಛವಾಗಿತ್ತು, ಅಂಚಿನಲ್ಲಿ ತೇವದ ಗುರುತೂ ಇರಲಿಲ್ಲ.

ಆದರೆ ಡಿಸ್ಕಿನ ತಳದಲ್ಲಿರುವ ಹಸಿರು ಸರ್ಕ್ಯೂಟ್ ಬೋರ್ಡು ನೀರು ಕಂಡಿತ್ತು. ಅದನ್ನು ಬಿಚ್ಚಿ, ಬೋರ್ಡು ತೊಳೆಯುವ ಸ್ಪಿರಿಟ್ಟಿನಲ್ಲಿ ಅದ್ದಿ, ಸಂದಿಯಲ್ಲಿದ್ದ ಪಾಚಿಯ ಎಳೆಯೊಂದನ್ನು ಚಿಮಟದಿಂದ ತೆಗೆದೆ. ಅಂದೇ ಓಡಿಸಿ ನೋಡಬೇಕೆಂಬ ಆಸೆ ಮಾದೇವಿಗೂ ಇತ್ತು, ನನಗೂ ಇತ್ತು. ಓಡಿಸಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಅರವತ್ತು ವ್ಯಾಟಿನ ಬಲ್ಬು ತೂಗಿ, ಡಿಸ್ಕು ಮತ್ತು ಬೋರ್ಡನ್ನು ಒಂದು ಗೇಣು ದೂರದಲ್ಲಿಟ್ಟೆ. ಹೀಗೆ ಎರಡು ದಿನ ಒಣಗಬೇಕು. ಹೆಚ್ಚು ಬಿಸಿಯಾಗಬಾರದು, ತಣ್ಣಗೂ ಆಗಬಾರದು. ಈ ಸಲ ಮಾದೇವಿಯ ಕಡೆ ತಿರುಗದೆ ಶರಣಮ್ಮನ ಎದುರು ಕೂತು, ಯಾಕೆ, ಹೇಗೆ, ಎಷ್ಟು ಎಂದು ಒಂದೊಂದಾಗಿ ಹೇಳಿದೆ.

"ಅಂದ್ರ ಕೋಳಿ ಕಾವಿಗಿ ಕುಂತಂಗ" ಎಂದಳು.

"ಹೌದ್ರಿ ಆಯಿ, ಹಂಗೇ."

"ಕರೆಂಟ್ ಹ್ವಾದ್ರ?"

ಅದನ್ನು ನಾನು ಯೋಚಿಸಿರಲಿಲ್ಲ. ಅವಳೇ ಉತ್ತರ ಹೇಳಿದಳು: ಒಲೆಯ ಮಗ್ಗುಲಲ್ಲಿ ಹಪ್ಪಳದ ಡಬ್ಬಿ ಇಡುವ ಗೂಡಿದೆ, ಅಲ್ಲಿ ಬೆಚ್ಚಗಿರುತ್ತದೆ, ಹೊಗೆ ಬರುವುದಿಲ್ಲ. ಎರಡು ದಿನದಲ್ಲಿ ಕರೆಂಟು ಐದು ಸಲ ಹೋಯಿತಂತೆ. ಐದು ಸಲವೂ ಪೆಟ್ಟಿಗೆ ಗೂಡಿಗೆ ಹೋಗಿ ಮರಳಿ ಬಂತು.

ಗುರುವಾರ ಹನ್ನೊಂದಕ್ಕೆ ಅಂಗಡಿಯಿಂದ ಇನ್ನೊಂದು ಕಂಪ್ಯೂಟರನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದೆ. ಡಿಸ್ಕಿಗೆ ಬೋರ್ಡು ಜೋಡಿಸಿ ಆ ಯಂತ್ರಕ್ಕೆ ಹಚ್ಚಿದೆ. ಇಂಥ ಡಿಸ್ಕು ಒಮ್ಮೆ ತಿರುಗಿ ಮತ್ತೆ ತಿರುಗದೇ ಇರಬಹುದು. ಮೊದಲ ಸಲವೇ ನಕಲು ಮಾಡಿಕೊಳ್ಳಬೇಕು. ಸ್ವಿಚ್ ಒತ್ತುವ ಮುಂಚೆ ಶರಣಮ್ಮನ ಕಡೆ ನೋಡಿದೆ.

"ಒಣಗ್ಯಾದ, ಹಚ್ಚು" ಎಂದಳು.

ಮೊದಲು ಸಣ್ಣ ಗುಂಯ್ ಸದ್ದು. ಅದು ಏರುತ್ತ ಹೋಗಿ ಒಂದೇ ಸಮ ನಿಂತಿತು. ಕಿರಿಕಿರಿ ಸದ್ದಿಲ್ಲ, ತಟ್ಟುವ ಸದ್ದಿಲ್ಲ. ಪರದೆಯ ಮೇಲೆ ಹೊಸ ಡ್ರೈವ್ ಕಾಣಿಸಿತು. ಮಾದೇವಿ ಮೌಸ್ ಹಿಡಿದು ತನ್ನ ಫೋಲ್ಡರ್ ತೆರೆದಳು. ಅವಳ ಕೈ ಮೊದಲು ಹೋದದ್ದು ಫೈಲಿನ ಕೊನೆಗೆ. ಸಾಲು 1,148. ಇತ್ತು.

ಮಾದೇವಿ ಮೇಜಿನ ಮೇಲೆ ತಲೆಯಿಟ್ಟು ಎರಡು ನಿಮಿಷ ಹಾಗೇ ಕೂತಳು. ನಾನು ಎರಡು ಸಿ.ಡಿ. ಬರೆದೆ, ಒಂದು ಅವಳಿಗೆ, ಒಂದು ಸಂಘದವರಿಗೆ.

"ನಮ್ಮ ಪಾಳಿ ಯಾವಾಗ ಬರದದ ಅದರಾಗ?" ಶರಣಮ್ಮ ಪರದೆಯ ಹತ್ತಿರ ಬಗ್ಗಿದಳು.

"ಶುಕ್ರವಾರ, ಮುಂಜಾನಿ ಆರರಿಂದ ಎಂಟೂವರಿ ತನಕ" ಎಂದು ಮಾದೇವಿ ಓದಿದಳು. ಆಮೇಲೆ, "ಅತ್ತಿ, ಇನ್ನ ಮುಂದ ಏನರ ಕಾಲುವಿಗಿ ಒಯ್ಯೋದಿದ್ರ ನನಗ ಒಂದು ಮಾತು ಹೇಳ್ರಿ."

"ನೀ ಮನ್ಯಾಗಿದ್ರ ಹೇಳ್ತಿದ್ದೆ. ತವರಿಗಿ ಹೋಗಿ ಕುಂತಾಕಿಗಿ ಹ್ಯಾಂಗ ಹೇಳ್ಲಿ?"

"ಫೋನ್ ಅದಲ್ಲ?"

"ಫೋನಿನಾಗ ನಿಮ್ಮವ್ವನೇ ಮಾತಾಡ್ತಾಳ, ನನಗೆಲ್ಲಿ ಬಿಡ್ತಾಳ!"

ಶನಿವಾರದ ಸಭೆಗೆ ನಾನು ಹೋಗಲಿಲ್ಲ. ಸಂಘದ ಕಾರ್ಯದರ್ಶಿ ಆಮೇಲೆ ಅಂಗಡಿಗೆ ಬಂದಾಗ ಹೇಳಿದರು: ಓದಲು ಮೂರು ತಾಸು ಹಿಡಿಯಿತು, ಹದಿನೇಳು ಕಡೆ ತಕರಾರು ಬಂತು, ಹದಿನಾರರಲ್ಲಿ ಮಾದೇವಿ ಬರೆದದ್ದೇ ಸರಿ ಎಂದು ಚೀಟಿ ತಂದವರು ಒಪ್ಪಿದರು. ಆ ಹಿಂಗಾರಿಯಲ್ಲಿ ತುದಿಯ ಹೊಲಗಳಿಗೂ ನೀರು ಮುಟ್ಟಿತು. ಸಂಘದ ಬರವಣಿಗೆ ಮಾದೇವಿಗೆ ಕಾಯಂ ಆಯಿತು. ಹಳೆಯ ಪೆಟ್ಟಿಗೆಯ ಮದರ್‌ಬೋರ್ಡನ್ನು ನಾನು ಅಂಗಡಿಯಲ್ಲಿ ಒಂದು ವಾರ ಇಟ್ಟುಕೊಂಡು ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದೆ. ಹೊಸ ಎಸ್‌ಎಂಪಿಎಸ್, ಹೊಸ ಕೀಬೋರ್ಡ್ ಹಾಕಿದ ಮೇಲೆ ಅದು ಇನ್ನೂ ಮೂರು ವರ್ಷ ಓಡಿತು. ಒಳಗೆ ಅಷ್ಟು ಸ್ವಚ್ಛವಾದ ಕಂಪ್ಯೂಟರನ್ನು ನಾನು ಮೂರು ತಾಲ್ಲೂಕಿನಲ್ಲಿ ಎಲ್ಲೂ ನೋಡಲಿಲ್ಲ.

ಈಗ ಯಾದಗಿರಿಯಲ್ಲಿ ನನ್ನದೇ ಅಂಗಡಿಯಿದೆ. ಡಿಗ್ರಿಯ ಕಾಗದ ಗೋಡೆಯ ಮೇಲಿದೆ, ತೆಗೆದಿಲ್ಲ, ತೆಗೆಯುವುದೂ ಇಲ್ಲ. ಆದರೆ ಯಾರದೇ ಮನೆಗೆ ರಿಪೇರಿಗೆ ಹೋದರೂ ಚೀಲವನ್ನು ಬಾಗಿಲ ಬಳಿ ಇಟ್ಟು, ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದಾರೋ, ಕಸ ಗುಡಿಸುವವರು, ಕಾಳು ಆರಿಸುವವರು, ಮುದುಕರು ಎಲ್ಲರನ್ನೂ ಕೇಳುತ್ತೇನೆ: ಇದು ಕೆಡುವ ಮುಂಚೆ ಯಾರು ಮುಟ್ಟಿದ್ದರು, ಏನು ಮಾಡಿದ್ದರು? ಬೈಯುವ ದನಿಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ನೆಲದ ಮೇಲೆ ಕೂತು ಕೇಳಬೇಕು, ಅವರು ಹೇಳುವ ತನಕ ಕಾಯಬೇಕು. ಆಮೇಲೆ ಚೀಲ ಬಿಚ್ಚುತ್ತೇನೆ.